ಮುನೇಶ್ವರ ಇಟ್ಟುಕೊಂಡ ಮಗ್ಗದ ಮೋಟಾರ್

ನಮ್ಮನೆಯವರ ಹೆಸರು ಲಕ್ಷ್ಮಣಪ್ಪ. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅಂತ ನಮ್ಮಮ್ಮ ಕಲಿಸಿದ್ದಳು, ಅದಕ್ಕೇ ಒಂದೇ ಸಲ ಹೇಳಿ ಮುಗಿಸಿಬಿಟ್ಟೆ. ಇನ್ನು ಮೇಲೆ ಇವರು ಅಂದರೆ ಅವರೇ ಅಂತ ತಿಳ್ಕೊಳ್ಳಿ. ದೊಡ್ಡಬಳ್ಳಾಪುರದಲ್ಲಿ ಮಗ್ಗ ರಿಪೇರಿ ಮಾಡ್ತಾರೆ. ಮಗ್ಗ ಕೆಟ್ಟರೆ ಜನ ಇವರನ್ನ ಹುಡುಕಿಕೊಂಡು ಬರ್ತಾರೆ; ನೆಟ್ಟಗೆ ಓಡ್ತಿರೋ ಮಗ್ಗದ ಹತ್ತಿರ ಮಾತ್ರ ಯಾರೂ ಬಿಟ್ಟುಕೊಳ್ಳಲ್ಲ. ಯಾಕೆ ಅಂದರೆ ಇವರಿಗೆ ಒಂದು ಕಾಯಿಲೆ. ಸರಿಯಾಗಿರೋ ವಸ್ತು ಕಣ್ಣಿಗೆ ಬಿದ್ದರೆ ಸಾಕು, ಇದಕ್ಕೆ ಇನ್ನೊಂದು ಕೆಲಸ ಹಚ್ಚಬಹುದಲ್ಲ ಅಂತ ಕೈ ಕಡಿಯೋಕೆ ಶುರುವಾಗುತ್ತೆ.

ನಮ್ಮನೆ ಗ್ರೈಂಡರನ್ನೇ ನೋಡಿ. ದೋಸೆ ಹಿಟ್ಟು ಚೆನ್ನಾಗೇ ರುಬ್ಬುತ್ತಿತ್ತು. ಅದಕ್ಕೆ ಕಾಯಿ ತುರಿಯೋ ಸೌಕರ್ಯ ಜೋಡಿಸಿದರು. ಅವತ್ತಿಂದ ಅದು ಹಿಟ್ಟನ್ನೂ ರುಬ್ಬಲ್ಲ, ಕಾಯನ್ನೂ ತುರಿಯಲ್ಲ. ಆದರೆ ತಿರುಗುತ್ತೆ. ಬಂದವರಿಗೆಲ್ಲ ಸ್ವಿಚ್ ಹಾಕಿ ತೋರಿಸ್ತಾರೆ, ಎಷ್ಟು ಸಲೀಸಾಗಿ ತಿರುಗುತ್ತೆ ನೋಡಿ ಅಂತ. ಬಂದವರು ನನ್ನ ಮುಖ ನೋಡ್ತಾರೆ, ನಾನು ಕಾಫಿ ತರೋಕೆ ಒಳಗೆ ಹೋಗ್ತೀನಿ.

ಇಂಥ ಮನುಷ್ಯನ ಮನೆಯಲ್ಲಿ ಇವರು ಕೈ ಹಾಕದೇ ಉಳಿದಿದ್ದ ವಸ್ತು ಒಂದೇ, ನನ್ನ ಮಗ್ಗ. ಅದು ನನ್ನ ತವರಿಂದ ಬಂದದ್ದು. ಮದುವೇಲಿ ನಮ್ಮಪ್ಪ ಬೇರೆ ಏನನ್ನೂ ಕೊಡಲಿಲ್ಲ, ತಾನು ನೇಯುತ್ತಿದ್ದ ಪವರ್‌ಲೂಮನ್ನೇ ಮೋಟಾರ್ ಸಮೇತ ಲಾರಿಗೆ ಹಾಕಿ ಕಳಿಸಿದ. 'ಬನಶಂಕರಿ, ಇದು ಓಡ್ತಾ ಇರೋವರೆಗೂ ನೀನು ಯಾರ ಮುಂದೂ ಕೈ ಚಾಚಬೇಕಿಲ್ಲ' ಅಂದಿದ್ದ. ಮಗಳು ಚೈತ್ರ ಹುಟ್ಟಿದಾಗಲೇ ನಾನು ಅಂದುಕೊಂಡಿದ್ದೆ, ಇವಳ ಧಾರೆ ಸೀರೆ ಈ ಮಗ್ಗದಲ್ಲೇ, ನನ್ನ ಕೈಯಲ್ಲೇ ಆಗಬೇಕು. ಕೊನೆಗೂ ಹೊಸಕೋಟೆ ಕಡೆ ಸಂಬಂಧ ಕೂಡಿಬಂತು, ಲಗ್ನ ಗೊತ್ತಾಯಿತು. ಅರಿಶಿನದ ಬಣ್ಣದ ರೇಷ್ಮೆ, ಕೆಂಪು ಅಂಚು. ಉದ್ದ ಎಳೆಗಳ ಹಾಸು ಹಾಕಿ ಅರ್ಧ ಸೀರೆ ನೇಯ್ದಿದ್ದೆ.

ಅಷ್ಟರಲ್ಲಿ ಕೆಂಪರಾಜು ಬಂದ.

ಕೆಂಪರಾಜು ಸಾಸಲು ಕಡೆಯ ಒಕ್ಕಲು ಮನೆ ಹುಡುಗ. ರಾಗಿ ಬೆಳೆಯೋದು ಬಿಟ್ಟು ಮರ ಕೊಯ್ಯೋ ಗುತ್ತಿಗೆ ಹಿಡಿದಿದ್ದಾನೆ. ನಮ್ಮ ಕಡೆ ಈಗ ಲೇಔಟು ಹುಟ್ಟಿದಷ್ಟು ಕಳೆಯೂ ಹುಟ್ಟಲ್ಲ, ಅವನಿಗೆ ಪುರುಸೊತ್ತೇ ಇಲ್ಲ. ಅವನ ಹತ್ತಿರ ಮರದ ಬುಡಕ್ಕೆ ಬೆಲ್ಟ್ ಹಾಕಿ ಬಿಗಿಯೋ ಒಂದು ಕಬ್ಬಿಣದ ಡ್ರಮ್ಮಿತ್ತು. ಕೊಂಬೆಗೆ ಹಗ್ಗ ಕಟ್ಟಿ, ಮೇಲಿನ ಕವಲಿನಲ್ಲಿರೋ ರಾಟೆ ಮೇಲೆ ಹಾಯಿಸಿ, ಕೆಳಗೆ ಈ ಡ್ರಮ್ಮಿಗೆ ಸುತ್ತೋದು. ಕೊಂಬೆ ಕೊಯ್ದಾಗ ಹಗ್ಗ ಡ್ರಮ್ಮಿನ ಮೇಲೆ ಉಜ್ಜಿಕೊಂಡು ನಿಧಾನಕ್ಕೆ ಸರಿಯುತ್ತೆ. ಎಮ್ಮೆ ತೂಕದ ಕೊಂಬೆಯನ್ನೂ ಒಬ್ಬನೇ ಹಗ್ಗದ ತುದಿ ಹಿಡ್ಕೊಂಡು, ಮಗೂನ ಚಾಪೆ ಮೇಲೆ ಮಲಗಿಸಿದ ಹಾಗೆ ಇಳಿಸಬಹುದು. ಬೆಲ್ಟಿನ ಕೊಕ್ಕೆ ಸಡಿಲ ಆಗಿತ್ತು ಅಂತ ಅದನ್ನ ಇವರ ಹತ್ತಿರ ತಂದಿದ್ದ.

ಇವರು ಕೊಕ್ಕೆ ನೋಡಲೇ ಇಲ್ಲ. ಡ್ರಮ್ಮನ್ನ ಎರಡು ಸಲ ತಟ್ಟಿ, 'ಇದು ಬರೀ ಇಳಿಸೋಕಾ? ಎತ್ತೋಕಾಗಲ್ವಾ?' ಅಂದರು. ನಾನು ಒಳಗಿಂದಲೇ ಕೇಳಿಸಿಕೊಂಡೆ. ಗ್ರೈಂಡರ್ ಕಥೆ ಶುರುವಾಗಿದ್ದೂ ಇದೇ ದನಿಯಲ್ಲಿ.

ಕೆಂಪರಾಜುಗೂ ಎತ್ತೋದೇ ಬೇಕಾಗಿತ್ತು. ಸಾಸಲು ಹತ್ತಿರದ ಒಂದು ಹಳ್ಳೀಲಿ, ಹೆಸರು ಬೇಡ ಬಿಡಿ, ಹುಣಸೆ ಮರದ ಕೆಳಗೆ ಮುನೇಶ್ವರ ಇದ್ದಾನೆ. ಭರಣಿ ಮಳೆ ಗಾಳಿಗೆ ಆ ಮರದ ಒಂದು ದೊಡ್ಡ ಕೊಂಬೆ ಸೀಳಿ, ದೇವರ ಪಕ್ಕದ ಕಟ್ಟೆ ಗೋಡೆ ಮೇಲೆ ಒರಗಿಕೊಂಡಿತ್ತು. ಕೊಯ್ದರೆ ಸೀದಾ ಸ್ವಾಮಿ ತಲೆ ಮೇಲೆ. ಅದನ್ನ ಮೊದಲು ಮೇಲಕ್ಕೆ ಎತ್ತಬೇಕು, ಪಕ್ಕಕ್ಕೆ ಎಳೀಬೇಕು, ಆಮೇಲೆ ಬಯಲಿಗೆ ಇಳಿಸಬೇಕು. ಓಣಿ ಇಕ್ಕಟ್ಟು, ಕ್ರೇನ್ ಬರಲ್ಲ. ದೇವರ ಮುಂದಿನ ಕಡೆಯಿಂದ ಅವನ ನೆತ್ತಿಗಿಂತ ಮೇಲೆ ಯಾರೂ ಕಾಲಿಡೋ ಹಾಗೂ ಇಲ್ಲ.

ಇವರು ಕೆಲಸಕ್ಕೆ ಕೂತರು. ಅಲ್ಲಾಡದೇ ನಿಂತಿದ್ದ ಡ್ರಮ್ಮನ್ನ ಕೊಯ್ದು ಬೇರಿಂಗ್ ಮೇಲೆ ಕೂರಿಸಿದರು. ಬಸ್ ಸ್ಟ್ಯಾಂಡ್ ಹತ್ತಿರ ಕಬ್ಬಿನ ಹಾಲು ಮಾರ್ತಿದ್ದವನ ಹಳೇ ಮೆಷಿನ್ನಿಂದ ಗೇರು ತಂದು ಜೋಡಿಸಿದರು. ಎತ್ತಿದ ಭಾರ ಹಿಂದಕ್ಕೆ ಜಾರದ ಹಾಗೆ ಒಂದು ಹಲ್ಲುಚಕ್ರ ಹಾಕಿದರು, ಅದರ ಮೇಲೆ ಒಂದು ಕಬ್ಬಿಣದ ನಾಲಿಗೆ. ಮಗ್ಗದಲ್ಲಿ ನೇಯ್ದ ಬಟ್ಟೆ ಸುತ್ತಿಕೊಳ್ಳೋ ಉರುಳೆಗೂ ಅಂಥದ್ದೇ ಇರುತ್ತೆ. ಮುಂದಕ್ಕೆ ಬಿಡುತ್ತೆ, ಹಿಂದಕ್ಕೆ ಬಿಡಲ್ಲ.

ಕೆಂಪರಾಜು ಸುತ್ತಾಡಿಕೊಂಡು ನೋಡಿ, 'ಅಣ್ಣ, ಎತ್ತೋದು ಸರಿ. ಇಳಿಸೋದು ಹೆಂಗೆ?' ಅಂದ.

'ಮೊದಲು ಎತ್ತೋಣ ಕಣಪ್ಪ' ಅಂದರು ಇವರು. 'ನೇಯ್ದ ಬಟ್ಟೆ ಯಾವತ್ತಾದರೂ ಹಿಂದಕ್ಕೆ ಹೋಗುತ್ತಾ?'

ಮೂವತ್ತು ವರ್ಷ ಮಗ್ಗದ ಜೊತೆ ಇದ್ದ ಮನುಷ್ಯ ಇನ್ನೇನು ಹೇಳ್ತಾರೆ. ಇಳಿಸೋದಕ್ಕೇ ಅಂತ ಹುಟ್ಟಿದ್ದ ಡ್ರಮ್ಮಿಗೆ ಇಳಿಸೋದೊಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ಕಲಿಸಿದ್ದರು. ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದರು ಅನ್ನೋದು ಇದಕ್ಕೇ.

ಎಲ್ಲ ಆಯಿತು, ಮೋಟಾರ್ ಒಂದು ಇರಲಿಲ್ಲ. ಇವರು ಅಡುಗೆ ಮನೆ ಬಾಗಿಲಲ್ಲಿ ಬಂದು ನಿಂತರು. ಏನಾದರೂ ಕೇಳಬೇಕಾದರೆ ಹಾಗೇ ನಿಲ್ಲೋದು, ಬಾಗಿಲ ಚೌಕಟ್ಟು ಗಟ್ಟಿ ಇದೆಯಾ ಅಂತ ನೋಡ್ತಿರೋರ ಹಾಗೆ.

'ಒಂದೇ ದಿನಕ್ಕೆ ಶಂಕರಿ. ಬೆಳಿಗ್ಗೆ ತಗೊಂಡೋಗಿ ಸಂಜೆಗೆ ತಂದು ಕೂರಿಸ್ತೀನಿ.'

'ಚೈತ್ರನ ಧಾರೆ ಸೀರೆ ಮಗ್ಗದ ಮೇಲಿದೆ.'

'ದೇವರ ಕೆಲಸ ಕಣೇ.'

ಇಲ್ಲಿ ನನಗೆ ಸೋಲು. ದೇವರ ಕೆಲಸ ಅಂದಮೇಲೆ ಆಗಲ್ಲ ಅಂತ ಹೇಗೆ ಹೇಳೋದು? ಅದೂ ಅಲ್ಲದೆ, ಸುಳ್ಳು ಯಾಕೆ ಹೇಳಲಿ, ಇವರ ಮುಖದಲ್ಲಿ ಅಷ್ಟು ಸಂತೋಷ ನೋಡಿ ಬಹಳ ದಿನ ಆಗಿತ್ತು. ಬೆಲ್ಟ್ ಬಿಚ್ಚಿ ಮೋಟಾರ್ ಕೊಟ್ಟೆ. ನಾನೂ ನೋಡೋಕೆ ಹೋದೆ.

ಊರಿಗೆ ಊರೇ ಸೇರಿತ್ತು. ಪಕ್ಕದ ತೋಟದ ಬೋರ್‌ವೆಲ್ ಪೆಟ್ಟಿಗೆಯಿಂದ ಕರೆಂಟ್ ಎಳೆದರು. ಕೆಂಪರಾಜು ಹಿಂದಿನ ಕಡೆಯಿಂದ ಮರ ಹತ್ತಿ, ರಾಟೆ ಕಟ್ಟಿ, ಕೊಂಬೆಗೆ ಹಗ್ಗ ಬಿಗಿದು, ಸೀಳಿದ ಕಡೆ ಕೊಯ್ದ. ಇವರು ಸ್ವಿಚ್ ಹಾಕಿದರು. ಮೆಷಿನ್ ಗುರ್ ಅಂತು. ನನ್ನ ಮೋಟಾರಿನ ಸದ್ದು ನನಗೆ ಗೊತ್ತಲ್ಲ, ಒಂದು ಹೆಜ್ಜೆ ಮುಂದೆ ಹೋದೆ. ಕೊಂಬೆ ಗೋಡೆ ಬಿಟ್ಟು ಎದ್ದಿತು. ಎಲೆ ಸಮೇತ, ಕಾಯಿ ಸಮೇತ, ಮೇಲಕ್ಕೆ ಹೋಗ್ತಾನೇ ಇತ್ತು. ಜನ ಚಪ್ಪಾಳೆ ಹೊಡೆದರು. ಇವರಿಗೆ ಹುಟ್ಟಿದಾಗಿಂದ ಯಾರೂ ಚಪ್ಪಾಳೆ ಹೊಡೆದಿರಲಿಲ್ಲ. ಮರ ನೋಡೋದು ಬಿಟ್ಟು ಜನರನ್ನ ನೋಡ್ತಾ ನಿಂತುಬಿಟ್ಟರು. 'ಅಣ್ಣ ಸಾಕು, ನಿಲ್ಲಿಸು' ಅಂತ ಕೆಂಪರಾಜು ಮೇಲಿಂದ ಕೂಗಿದ್ದು ಆ ಗಲಾಟೇಲಿ ಕೇಳಿಸಲಿಲ್ಲ. ಕೊಂಬೆ ಹೋಗಿ ರಾಟೆಗೆ ಕಚ್ಚಿಕೊಂಡು ನಿಂತಿತು. ಸರಿಯಾಗಿ ಮುನೇಶ್ವರನ ನೆತ್ತಿ ಮೇಲೆ.

ಸ್ವಿಚ್ ಆರಿಸಿ ಇವರು ನಾಲಿಗೆ ಬಿಡಿಸೋಕೆ ನೋಡಿದರು. ಬರಲಿಲ್ಲ. ಅಷ್ಟು ಭಾರ ಅದರ ಮೇಲೇ ಕೂತಿದೆ. ಕೊಂಬೆ ಕೂದಲೆಳೆಯಷ್ಟು ಮೇಲೆ ಹೋದರೆ ಮಾತ್ರ ನಾಲಿಗೆ ಸಡಿಲ ಆಗೋದು, ಮೇಲೆ ಹೋಗೋಕೆ ಜಾಗ ಇಲ್ಲ. ಕೆಳಗೆ ಬರೋಕೆ ನಾಲಿಗೆ ಬಿಡಲ್ಲ. ಹಗ್ಗ ಕೊಯ್ದರೆ ದೇವರು ಪುಡಿ. ಕೆಂಪರಾಜು ಇಳಿದು ಬಂದು, 'ಹೆದರಬೇಡ ಅಣ್ಣ, ಇನ್ನೊಂದು ಹಗ್ಗ ಕಟ್ಟಿ ಭಾರ ಅದಕ್ಕೆ ವಹಿಸಿಬಿಡೋಣ, ಆಮೇಲೆ ನಿನ್ನ ಮೆಷಿನ್ ಬಿಚ್ಚಿಕೋ' ಅಂದ. ಗಂಟೆ ಹೊತ್ತಿನ ಕೆಲಸ.

ಆ ಗಂಟೆಯೊಳಗೇ ಆದಿನಾರಾಯಣಪ್ಪನವರು ಬಂದರು.

ಅವರು ದೇವಸ್ಥಾನ ಕಮಿಟಿ ಅಧ್ಯಕ್ಷರು. ಅವರ ಸಂಕಟ ಊರಿಗೆಲ್ಲ ಗೊತ್ತು. ಆ ಮುನೇಶ್ವರನಿಗೆ ನೆತ್ತಿ ಮೇಲೆ ಸೂರು ಆಗಲ್ಲ. ಅವರು ಅಧ್ಯಕ್ಷರಾದ ವರ್ಷ ತಗಡು ಹಾಕಿಸಿದರು, ಗಾಳಿ ಕೆರೆ ಅಂಗಳಕ್ಕೆ ಒಯ್ದು ಹಾಕಿತು. ಸಿಮೆಂಟ್ ಮೋಲ್ಡ್ ಹಾಕಿಸೋಕೆ ಕಂಬ ಎಬ್ಬಿಸಿದರು, ಕಂಬ ಬಿರುಕು ಬಿಟ್ಟಿತು. ಸ್ವಾಮಿಗೆ ಒಂದು ಸೂರು ಕೊಡಿಸದೇ ಕಣ್ಣು ಮುಚ್ಚಲ್ಲ ಅಂತ ಕೂತಿದ್ದರು. ಈಗ ಬಂದು ತಲೆ ಎತ್ತಿ ನೋಡಿದರೆ, ಕಂಬ ಇಲ್ಲ ತಗಡು ಇಲ್ಲ, ಹಸಿರು ಕೊಂಬೆ ಛತ್ರಿ ಹಿಡಿದ ಹಾಗೆ ನಿಂತಿದೆ. ನೆರಳು ಸ್ವಾಮಿ ಮೇಲೆ ನೆಟ್ಟಗೆ ಬಿದ್ದಿದೆ. ಆದಿನಾರಾಯಣಪ್ಪನವರು ಟವೆಲ್ ಸೊಂಟಕ್ಕೆ ಕಟ್ಟಿ ಅಡ್ಡ ಬಿದ್ದರು. ಹಿಂದೆಯೇ ಊರೂ ಅಡ್ಡ ಬಿತ್ತು. ನಿಂತಿದ್ದವರು ನಾವು ಮೂರು ಜನ, ನಾನು, ಕೆಂಪರಾಜು, ಇವರು. ಆಮೇಲೆ ಇವರೂ ಅಡ್ಡ ಬಿದ್ದರು.

'ಏನು ಬೀಳ್ತಿದೀರಿ, ಅದು ನಿಮ್ಮದೇ ತಪ್ಪಲ್ವಾ' ಅಂದೆ ಮೆಲ್ಲಗೆ.

'ಇರಬಹುದು ಕಣೇ. ಆದರೂ ಹೇಗೆ ನಿಂತಿದೆ ನೋಡು' ಅಂದರು.

ಇನ್ನೊಂದು ಹಗ್ಗದ ಮಾತು ಎತ್ತಿದ ಕೆಂಪರಾಜುವನ್ನ ಊರವರು ಹೊಡೆಯೋಕೇ ಬಂದರು. ಮೆಷಿನ್ನಿಗೆ ಅರಿಶಿನ ಕುಂಕುಮ ಬಿತ್ತು, ಹೂವಿನ ಹಾರ ಬಿತ್ತು. ನಮ್ಮಪ್ಪನ ಮೋಟಾರಿಗೆ ನಾನು ವರ್ಷಕ್ಕೊಂದು ಸಲ ಆಯುಧಪೂಜೆ ದಿನ ಒಂದು ನಿಂಬೆಹಣ್ಣು ಇಡ್ತಿದ್ದೆ. ಈಗ ದಿನಾ ಮಂಗಳಾರತಿ. ಇವರಿಗೆ ಶಾಲು ಹೊದಿಸಿದರು, ಆಗಾಗ ಬಂದು ಎಣ್ಣೆ ಬಿಟ್ಟು ಹೋಗೋ ಸೇವೆಯನ್ನೂ ದಯಪಾಲಿಸಿದರು. ಶಾಲು ಹೊದ್ದುಕೊಂಡು ಮನೆಗೆ ಬಂದರು, ಮೋಟಾರ್ ಬಿಟ್ಟು.

ಒಂದು ವಾರ ತಾಳಿದೆ. ಮಗ್ಗದ ಮನೆ ಕಡೆ ಹೋದಾಗಲೆಲ್ಲ ಅರ್ಧ ಸೀರೆ ನನ್ನನ್ನೇ ನೋಡ್ತಿತ್ತು. ಲಗ್ನ ಹತ್ತಿರ ಬಂತು. ಕೊನೆಗೆ ಇವರನ್ನ ಎಳ್ಕೊಂಡು ಸಾಸಲು ಬಸ್ ಹತ್ತಿದೆ.

'ಅಣ್ಣ, ಹೆಣ್ಣುಮಗಳ ಧಾರೆ ಸೀರೆ ನಿಂತಿದೆ, ನನ್ನ ಮೋಟಾರ್ ಕೊಡಿಸಿ' ಅಂತ ಆದಿನಾರಾಯಣಪ್ಪನವರಿಗೆ ಕೈ ಮುಗಿದು ಕೇಳಿದೆ.

'ನಾನ್ಯಾರಮ್ಮ ಕೊಡೋಕೆ? ಸ್ವಾಮಿ ಇಟ್ಕೊಂಡಿರೋದು. ಅವನನ್ನೇ ಕೇಳು' ಅಂದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡಲ್ಲ ಅಂತಾರೆ. ಇಲ್ಲಿ ಅಧ್ಯಕ್ಷರು ದೇವರ ಕಡೆಗೇ ಕೈ ತೋರಿಸಿದರು. ಹೂವು ಕೇಳೋದು ಅಂತಾಯಿತು. ದೇವರ ಎಡಕ್ಕೊಂದು ಬಲಕ್ಕೊಂದು ಹೂವು ಅಂಟಿಸಿದರು. ಬಲಕ್ಕೆ ಬಿದ್ದರೆ ಮೋಟಾರ್ ನನ್ನದು, ಎಡಕ್ಕೆ ಬಿದ್ದರೆ ಇಲ್ಲ. ಕೂತೆವು. ಎಲ್ಲರೂ ಕೂತೆವು. ಮಂಗಳಾರತಿ ಆರಿತು, ಊದುಬತ್ತಿ ಮುಗಿಯಿತು, ಮೇಲಿಂದ ಒಣಗಿದ ಹುಣಸೆ ಎಲೆ ಮಾತ್ರ ಉದುರ್ತಿತ್ತು. ಹೂವು ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ.

'ಸ್ವಾಮಿ ಇನ್ನೂ ಯೋಚನೆ ಮಾಡ್ತಾ ಇದ್ದಾನೆ' ಅಂದರು ಆದಿನಾರಾಯಣಪ್ಪನವರು.

ನನಗೆ ಪಿತ್ತ ನೆತ್ತಿಗೇರಿತು. ಎದ್ದು ನಿಂತು ದೇವರಿಗೇ ಹೇಳಿದೆ: 'ಆಯಿತಪ್ಪ, ನಿಧಾನಕ್ಕೆ ಯೋಚನೆ ಮಾಡು. ಆ ಮೋಟಾರ್ ನೀನಾಗೇ ವಾಪಸ್ ಕೊಡೋವರೆಗೂ ನನ್ನ ಮಗ್ಗಕ್ಕೆ ಬೇರೆ ಮೋಟಾರ್ ಕಟ್ಟಲ್ಲ. ಕಟ್ಟಿದರೆ ನಾನು ನಮ್ಮಪ್ಪನ ಮಗಳಲ್ಲ. ನನ್ನ ಮಗಳು ಅರ್ಧ ಸೀರೇಲಿ ಹಸೆಮಣೆ ಏರಲಿ, ನೀನು ನೆರಳಲ್ಲಿ ಕೂತು ನೋಡು.'

ದೇವರಿಗೆ ನಾಚಿಕೆ ಆಗಲಿ ಅಂತ ಅಂದಿದ್ದು. ಅವನಿಗೆ ಆಗಲಿಲ್ಲ. ಇವರು ಮಾತ್ರ ತಲೆ ತಗ್ಗಿಸಿಕೊಂಡು ನಿಂತಿದ್ದರು.

ಮನೆಗೆ ಬಂದಮೇಲೆ ನಾನು ಆಡಿದ್ದು ಏನು ಅಂತ ನನಗೇ ಹೊಳೀತು. ಮಾರನೇ ದಿನವೇ ಇವರು ಪಕ್ಕದ ಮನೆ ನಂದಕುಮಾರ್ ಹತ್ತಿರ ಅವನ ಮಗ್ಗದ ಮೋಟಾರ್ ಕೇಳಿ ಹೊತ್ತುಕೊಂಡು ಬಂದರು. ನಂದಕುಮಾರ್ ಖುಷಿಯಾಗೇ ಕೊಟ್ಟಿದ್ದ. ನಾನು ಬಾಗಿಲಲ್ಲೇ ತಡೆದೆ. ದೇವರ ಎದುರು ಆಡಿದ ಮಾತು; ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂಗಡಿಯಿಂದ ಧಾರೆ ಸೀರೆ ತರೋಣ ಅಂದಳು ಚೈತ್ರ. ಅವಳು ಬೇಜಾರಿಲ್ಲದ ಹಾಗೆ ಹೇಳಿದ್ದಕ್ಕೇ ನನಗೆ ಅಳು ಬಂತು. ಮಗ್ಗದ ಮನೆಗೆ ಹೋಗಿ ಬಾಗಿಲು ಹಾಕ್ಕೊಂಡು ಅತ್ತೆ. ನನ್ನ ಬಾಯಿಗೆ ಬೆಂಕಿ ಹಾಕ ಅಂತ ನನ್ನನ್ನೇ ಬೈಕೊಂಡೆ.

ಇವರು ಬಾಗಿಲು ತಳ್ಕೊಂಡು ಒಳಗೆ ಬಂದರು. ಚೌಕಟ್ಟಿನಲ್ಲಿ ನಿಲ್ಲಲಿಲ್ಲ. ಅಂಗಿ ತೋಳು ಮಡಚಿ ಮಗ್ಗದ ಪಕ್ಕದಲ್ಲಿರೋ ದೊಡ್ಡ ಚಕ್ರ ಹಿಡಿದರು.

'ಬೇರೆ ಮೋಟಾರ್ ಕಟ್ಟಲ್ಲ ಅಂದಿದೀಯ ತಾನೆ? ನಾನು ಮೋಟಾರ್ ಅಲ್ಲವಲ್ಲ. ಲಾಳಿ ತಗೋ.'

ಪವರ್‌ಲೂಮ್ ನೇಯೋರಿಗೆ ಗೊತ್ತು, ಆ ಚಕ್ರ ಇರೋದು ದಾರ ಕಡಿದಾಗ ಮಗ್ಗವನ್ನ ಒಂದು ಸುತ್ತು ಹಿಂದೆ ಮುಂದೆ ಮಾಡೋಕೆ. ಅದರಲ್ಲಿ ಸೀರೆ ನೇಯ್ದವರು ಯಾರೂ ಇಲ್ಲ. ಕೈಯಲ್ಲಿ ತಿರುಗಿಸಿದರೆ ಹಾಸಿನ ಎಳೆ ಮೇಲೆ ಕೆಳಗೆ ಸರಿದು ಬಾಯಿ ಬಿಡುತ್ತೆ, ಆದರೆ ಲಾಳಿ ಹಾರೋಕೆ ಆ ವೇಗ ಸಾಲಲ್ಲ. ನಾನು ಕೈಯಿಂದ ಲಾಳಿ ತೂರಿಸಬೇಕು, ಇವರು ಚಕ್ರ ತಿರುಗಿಸಬೇಕು, ಹಣಿಗೆ ಬಂದು ಎಳೆಯನ್ನ ಬಡಿದು ಕೂರಿಸಬೇಕು, ಮತ್ತೆ ಬಾಯಿ ಬಿಡಬೇಕು. ಒಂದೊಂದು ಎಳೆಗೂ ಹೀಗೆ. ಮರ ಇಳಿಸೋ ಡ್ರಮ್ಮಿಗೆ ಕರೆಂಟ್ ಕೊಟ್ಟ ಮನುಷ್ಯ ಕರೆಂಟಿನ ಮಗ್ಗವನ್ನ ಕೈಯಲ್ಲಿ ತಿರುಗಿಸ್ತಾ ನಿಂತಿದ್ದರು. ನಗಬೇಕು ಅನ್ನಿಸಿತು, ನಗು ಬರಲಿಲ್ಲ.

ದಿನಾ ಹಾಗೇ ನಡೀತು. ಮೊದಲ ದಿನ ಸಂಜೆಗೆ ಒಂದು ಗೇಣು ಸೀರೆ ಆಗಿತ್ತು. ಇವರ ಅಂಗೈ ಬೊಬ್ಬೆ ಬಂತು, ಬಟ್ಟೆ ಸುತ್ತಿಕೊಂಡರು. ಒಮ್ಮೆ ಚಕ್ರ ಬಿಟ್ಟು ಅದನ್ನೇ ನೋಡ್ತಾ ನಿಂತರು.

'ಶಂಕರಿ, ಇದಕ್ಕೆ ಒಂದು ಸೈಕಲ್ ಪೆಡಲ್...'

'ಮುಟ್ಟಿದರೆ ಕೈ ಮುರೀತೀನಿ.'

ಮತ್ತೆ ತಿರುಗಿಸಿದರು. ಮದುವೆಯಾದಾಗಿಂದ ಇವರು ಒಂದು ವಸ್ತುವನ್ನ ಅದಿದ್ದ ಹಾಗೇ ಬಿಟ್ಟಿದ್ದು ಅದೊಂದೇ. ಮೋಟಾರ್ ಸದ್ದಿನಲ್ಲಿ ನಾವು ಯಾವತ್ತೂ ಮಾತಾಡಿದವರಲ್ಲ, ಕೂಗಾಡಿದವರು. ಈಗ ಮಗ್ಗದ ಮನೇಲಿ ಸದ್ದೇ ಇಲ್ಲ. ಇವರು ಚಿಕ್ಕಂದಿನಲ್ಲಿ ಅಪ್ಪನ ರೇಡಿಯೋ ಬಿಚ್ಚಿ ಏಟು ತಿಂದಿದ್ದು, ಬಿಚ್ಚಿದ್ದನ್ನ ಜೋಡಿಸೋಕೆ ಬರದೇ ಅತ್ತಿದ್ದು, ಎಲ್ಲ ನಾನು ಕೇಳಿದ್ದು ಆಗಲೇ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ಈ ಮನುಷ್ಯನ ದನಿ ಇಷ್ಟು ಮೆತ್ತಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಚಪ್ಪರ ಹಾಕೋ ದಿನ ಸೆರಗು ಮುಗೀತು. ಚೈತ್ರ ಆ ಸೀರೆ ಉಟ್ಟೇ ಧಾರೆಗೆ ನಿಂತಳು. ಧಾರೆ ನೀರು ಬಿಡುವಾಗ ಇವರ ಅಂಗೈಲಿ ಇನ್ನೂ ಪಟ್ಟಿ ಇತ್ತು. ಮದುವೆಗೆ ಬಂದ ಆದಿನಾರಾಯಣಪ್ಪನವರು ಮೆಷಿನ್ನಿಗೆ ಎಣ್ಣೆ ಬಿಡೋಕೆ ಯಾಕೆ ಬರಲಿಲ್ಲ ಅಂತ ಇವರನ್ನ ಆಕ್ಷೇಪಣೆ ಮಾಡಿ ಊಟಕ್ಕೆ ಕೂತರು.

ಮದುವೆ ಮುಗಿದು ಸ್ವಲ್ಪ ದಿನಕ್ಕೆ ಕಮಿಟಿಯಿಂದ ಫೋನ್ ಬಂತು. ಎಲೆ ಉದುರುವಾಗ ಮರವೇ ಸ್ವಾಮಿಗೆ ಅರ್ಚನೆ ಮಾಡ್ತಿದೆ ಅಂದಿದ್ದರು. ಈಗ ಎಲೆಯೆಲ್ಲ ಮುಗಿದು ಬೋಳು ಕೊಂಬೆ ಉಳಿದಿತ್ತು, ದೇವರ ತಲೆ ಮೇಲೆ ಒಣಕಟ್ಟಿಗೆ ಅಪಶಕುನ ಅಂತ ಊರು ಗೊಣಗ್ತಿತ್ತಂತೆ. ಮತ್ತೆ ಹೂವು ಕೇಳಿದರಂತೆ, ಈ ಸಲ ಇಟ್ಟ ತಕ್ಷಣ ಬಲಕ್ಕೆ ಬಿತ್ತಂತೆ. ಇವರೂ ಕೆಂಪರಾಜೂ ಹೋಗಿ, ಇನ್ನೊಂದು ಹಗ್ಗಕ್ಕೆ ಭಾರ ವಹಿಸಿ, ಕೈಯಲ್ಲೇ ಕೊಂಬೆ ಇಳಿಸಿದರು. ಗಂಟೆ ಹೊತ್ತಿನ ಕೆಲಸ. ಮೋಟಾರ್ ಆಟೋದಲ್ಲಿ ಮನೆಗೆ ಬಂತು, ಮೈತುಂಬ ಕುಂಕುಮ.

ಇವರು ಅದನ್ನ ಒರೆಸಿ, ಸ್ಪ್ಯಾನರ್ ಹಿಡಿದು ಮಗ್ಗದ ಕೆಳಗೆ ಕೂತಿದ್ದರು. ಚೈತ್ರನ ಸೀರೆ ಆದಮೇಲೂ ಹಾಸಿನಲ್ಲಿ ಇನ್ನೊಂದು ಸೀರೆಗಾಗೋಷ್ಟು ಎಳೆ ಉಳಿದಿತ್ತು, ಬೇಗ ಓಡಿಸಿ ಮುಗಿಸೋಣ ಅಂತ. ಆಗ ಚೈತ್ರನ ಫೋನ್ ಬಂತು.

'ಅಮ್ಮ, ನಮ್ಮತ್ತೆ ಧಾರೆ ಸೀರೆ ಮಡಚುವಾಗ ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡ್ತಿದ್ದರು. ಇಷ್ಟು ಮೆಷಿನ್ನಿಂದು, ಇಲ್ಲಿಂದ ಸೆರಗಿನವರೆಗೂ ಕೈಮಗ್ಗ ಅಂತ ಕರೆಕ್ಟಾಗಿ ಹೇಳಿದರು. ಆ ನೇಕಾರನ ಹತ್ತಿರ ತಮಗೂ ಒಂದು ನೇಯಿಸಿಕೊಡಬೇಕಂತೆ. ಏನು ಹೇಳ್ಲಿ?'

ಬೀಗಿತ್ತಿ ಅನಸೂಯಮ್ಮನವರು ಯಾವುದನ್ನೂ ಅಷ್ಟು ಸುಲಭಕ್ಕೆ ಒಪ್ಪೋರಲ್ಲ. ನಾನು ಮಗ್ಗದ ಕಡೆ ನೋಡಿದೆ. ಇವರು ಬೆಲ್ಟ್ ಏರಿಸ್ತಿದ್ದರು, ಅಂಗೈಲಿ ಬೊಬ್ಬೆ ಒಣಗಿ ಗಟ್ಟಿಯಾಗಿತ್ತು.

'ಆ ನೇಕಾರ ಇನ್ನು ಸಿಗಲ್ಲ ಅಂತ ಹೇಳಮ್ಮ. ಮೋಟಾರ್ ವಾಪಸ್ ಬಂತು' ಅಂದೆ.

ಫೋನ್ ಇಟ್ಟೆ. ಇವರ ಹಾಗೇ ಬಾಗಿಲ ಚೌಕಟ್ಟು ಹಿಡ್ಕೊಂಡು ನಿಂತೆ. ಇವರು ಕೊನೇ ಬೋಲ್ಟು ಬಿಗಿಯೋಕೆ ಬಗ್ಗಿದರು.

'ರೀ, ಅದನ್ನ ಇವತ್ತೇ ಕೂರಿಸಬೇಕಾ?' ಅಂದೆ.